ಚಿಕ್ಕಪ್ಪನ ಮೇಲೆ ಒಬ್ಬನೇ

ನಮ್ಮ ದ್ವೀಪದ ಇತಿಹಾಸವನ್ನು ಯಾರಾದರೂ ಬರೆಯುವುದಾದರೆ ಮೂರು ಸಂಗತಿಗಳನ್ನು ಬಿಡುವಂತಿಲ್ಲ. ಒಂದು, ಮೊದಲ ದೋಣಿ ದಡಕ್ಕೆ ತಾಗಿದ್ದು. ಎರಡು, ಪೇಟೆಗೆ ಕರೆಂಟು ಬಂದದ್ದು ಮತ್ತು ಅದೇ ಸಂಜೆ ಹೋದದ್ದು. ಮೂರು, ಹೋದ ಮಾಗಿಯ ಒಂದು ಶನಿವಾರ ಬೆಳಿಗ್ಗೆ ಆರೂವರೆಗೆ ನಾನು ನನ್ನ ಸೈಕಲ್ಲಿನ ಕ್ಯಾರಿಯರಿಗೆ ಒಂದೇ ಒಂದು ಲೋಟ ಕಟ್ಟಿದ್ದು. ಎರಡು ಕಟ್ಟಿದ್ದರೆ ಇದನ್ನು ಬರೆಯುವ ಅಗತ್ಯವೇ ಇರಲಿಲ್ಲ. ನಮ್ಮಲ್ಲಿ ಗುಡ್ಡ ದಾಟುವವರೆಲ್ಲ ಎರಡು ಲೋಟ ಕಟ್ಟಿಕೊಳ್ಳುತ್ತಾರೆ, ಒಂದು ತಮಗೆ, ಇನ್ನೊಂದು ಜೊತೆಗಾರನಿಗೆ. ಒಂಟಿ ಲೋಟದ ಸೈಕಲ್ಲನ್ನು ನಮ್ಮ ಬೀದಿ ಅದುವರೆಗೆ ಕಂಡಿರಲಿಲ್ಲ. ಎದುರುಮನೆಯವರು ಹಲ್ಲುಜ್ಜುವುದನ್ನು ನಿಲ್ಲಿಸಿ, ಬಾಯಲ್ಲಿ ನೊರೆ ಇಟ್ಟುಕೊಂಡೇ ಎಣಿಸಿದರು. ಒಂದನ್ನು ಎಣಿಸಲು ಅಷ್ಟು ಹೊತ್ತು ತೆಗೆದುಕೊಂಡವರನ್ನು ನಾನು ಬೇರೆಲ್ಲೂ ನೋಡಿಲ್ಲ.

ದ್ವೀಪದಲ್ಲಿ ನಾಲ್ಕು ಗುಡ್ಡಗಳಿವೆ. ಅವುಗಳ ಮೇಲೆ ಇರುವಾಗ ಅವುಗಳ ಬಗ್ಗೆ ಮಾತಾಡಬಾರದು. ಮಾತಾಡಿದರೆ ಬೆಳೆಯುತ್ತವೆ. ‘ಅಬ್ಬಾ, ಎಂಥ ಏರು’ ಎಂದರೆ ಎರಡು ಬೆರಳು. ‘ಯಾವ ಪುಣ್ಯಾತ್ಮ ಇಲ್ಲಿ ದಾರಿ ಮಾಡಿದ’ ಎಂದರೆ ಒಂದು ಗೇಣು. ಹೊಗಳಿದರೂ ಹಿಗ್ಗಿ ಬೆಳೆಯುತ್ತವೆ. ಹಿಂದೊಮ್ಮೆ ಹೊರಗಿನಿಂದ ಬಂದ ಕವಿಯೊಬ್ಬರು ದೊಡ್ಡಮ್ಮನ ನೆತ್ತಿಯಲ್ಲಿ ನಿಂತು ಸೂರ್ಯಾಸ್ತದ ಮೇಲೆ ಹನ್ನೆರಡು ಸಾಲು ಹಾಡಿದರಂತೆ. ಇಳಿದು ಬರಲು ಅವರಿಗೆ ಹತ್ತಿದ್ದಕ್ಕಿಂತ ಮುಕ್ಕಾಲು ಗಂಟೆ ಹೆಚ್ಚು ಬೇಕಾಯಿತು. ದೊಡ್ಡಮ್ಮ ಎಂದರೆ ಗುಡ್ಡದ ಹೆಸರು. ಉಳಿದ ಮೂವರು ಅಜ್ಜಿ, ಭಾವ, ಚಿಕ್ಕಪ್ಪ. ಹಿರಿಯರ ಎದುರಿಗೆ ಹಿರಿಯರ ಬಗ್ಗೆ ಬಾಯಿ ಬಿಡದಿರುವುದು ನಮಗೆ ಹೇಗೂ ಚಿಕ್ಕಂದಿನ ಅಭ್ಯಾಸವಾದ್ದರಿಂದ ಹೀಗೆ ಹೆಸರಿಟ್ಟವರು ಬುದ್ಧಿವಂತರೇ ಇರಬೇಕು. ಹೆಸರಿಟ್ಟಾಗ ಚಿಕ್ಕಪ್ಪ ನಾಲ್ವರಲ್ಲಿ ಎಲ್ಲರಿಗಿಂತ ಕುಳ್ಳ. ಆದರೆ ಪೇಟೆಗೂ ದ್ವೀಪದ ಆಚೆಕಡೆಗೂ ನಡುವೆ ಮಲಗಿರುವವರು ಅವರೇ. ಜನ ದಿನಾ ದಾಟಿ, ದಿನಾ ಸ್ವಲ್ಪ ಸ್ವಲ್ಪ ಗೊಣಗಿ, ಈಗ ಉಳಿದ ಮೂವರೂ ಅವರ ಭುಜಕ್ಕೆ ಬರುತ್ತಾರೆ.

ನಾನು ಇಷ್ಟು ಧೈರ್ಯವಾಗಿ ಬರೆಯುತ್ತಿರುವುದು ಏಕೆಂದರೆ, ಬರೆದದ್ದು ಲೆಕ್ಕಕ್ಕಿಲ್ಲ ಎಂದು ನಮ್ಮ ಪಂಚಾಯಿತಿ ಹಿಂದೆಯೇ ನಿರ್ಣಯಿಸಿದೆ. ಗುಡ್ಡಗಳಿಗೆ ಓದು ಬಾರದು. ಆದರೂ ಕಿಟಕಿ ಹಾಕಿಕೊಂಡೇ ಕೂತಿದ್ದೇನೆ.

ಹೊರಗಿನವರು ಇದನ್ನು ಕಷ್ಟ ಎಂದುಕೊಳ್ಳುತ್ತಾರೆ. ನಮಗೆ ಹಾಗನ್ನಿಸುವುದಿಲ್ಲ. ಗುಡ್ಡದಾಚೆ ಹೆಣ್ಣು ಕೊಟ್ಟವರು ಮಗಳ ಮನೆ ತಲುಪಿದ ಮೇಲೆ ಬಾಗಿಲು ಹಾಕಿಕೊಂಡು, ದಿಂಬಿಗೆ ಬಾಯಿ ಒತ್ತಿ, ಆಮೇಲೆ ‘ಉಸ್ಸಪ್ಪಾ’ ಎನ್ನುತ್ತಾರೆ. ಇದಕ್ಕೆಂದೇ ಪ್ರತಿ ಮನೆಯ ಬಾಗಿಲ ಹಿಂದೆ ಒಂದು ದಿಂಬು ತೂಗುತ್ತಿರುತ್ತದೆ. ಸಂಬಂಧ ನೋಡಲು ಹೋದವರು ಮೊದಲು ಆ ದಿಂಬಿನ ಗವಸು ನೋಡುತ್ತಾರೆ, ಹುಡುಗನನ್ನು ಆಮೇಲೆ. ಒಬ್ಬರೇ ಗುಡ್ಡ ಹತ್ತುವುದನ್ನು ಮಾತ್ರ ಯಾರೂ ಮಾಡುವುದಿಲ್ಲ. ಇಬ್ಬರಿದ್ದರೆ ಒಬ್ಬನ ಬಾಯಿಗೆ ಇನ್ನೊಬ್ಬನ ಕಿವಿ ಕಾವಲು. ಒಬ್ಬನೇ ಇದ್ದರೆ ಮನುಷ್ಯ ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತಾನೆ, ತನ್ನಷ್ಟಕ್ಕೆ ಮಾತಾಡಿಕೊಳ್ಳುವವನು ಹೆಚ್ಚಾಗಿ ಗೊಣಗುತ್ತಾನೆ. ಆದ್ದರಿಂದಲೇ ಜೊತೆಗಾರರು.

ನಾನು ಇಪ್ಪತ್ತೆರಡು ವರ್ಷಗಳಿಂದ ಜೊತೆಗಾರ. ಪಂಚಾಯಿತಿಯ ಹಿತ್ತಾಳೆ ಬಿಲ್ಲೆ ಇದೆ, ನಂಬರು ಹತ್ತೊಂಬತ್ತು. ನನ್ನ ಕೆಲಸ ಮಾತಾಡುವುದು, ಗುಡ್ಡ ಒಂದನ್ನು ಬಿಟ್ಟು ಉಳಿದೆಲ್ಲದರ ಬಗ್ಗೆ. ಇದಕ್ಕಾಗಿ ಪೇಟೆಯ ವಾಚನಾಲಯದ ಮೂರು ಕಪಾಟುಗಳನ್ನು ಓದಿ ಮುಗಿಸಿದ್ದೇನೆ: ಪುರಾಣ, ಪತ್ತೇದಾರಿ, ಜೇನು ಸಾಕಣೆ, ಹಳೆಯ ಕೋರ್ಟು ತೀರ್ಪುಗಳು. ಗಿರಾಕಿಯ ದಮ್ಮು ನೋಡಿ ವಿಷಯ ಕೊಡಬೇಕು. ಚಿಕ್ಕಪ್ಪನ ಮೊದಲ ತಿರುವಿಗೆ ಯಾವ ಮಾತಾದರೂ ನಡೆಯುತ್ತದೆ. ಎರಡನೆಯದಕ್ಕೆ ಬೇರೆಯವರ ಮನೆಯ ಸಂಗತಿ ಬೇಕು. ಮೂರನೆಯದರಲ್ಲಿ ಗಿರಾಕಿಯ ಕಣ್ಣು ಮೇಲಕ್ಕೆ ಹೋಗಲು ಶುರುವಾಗುತ್ತದೆ, ಆಗ ಒಂದು ವಾದ ಎಬ್ಬಿಸಬೇಕು. ಬಂಗುಡೆ ಮೀನಿನ ಸಾರಿನ ಹುಳಿಗೆ ಹುಣಸೆಯೋ ಬಿಂಬುಳಿಯೋ ಎಂಬುದು ಇದುವರೆಗೆ ಒಮ್ಮೆಯೂ ಕೈಕೊಟ್ಟಿಲ್ಲ. ಕೊನೆಯ ತಿರುವಿನಲ್ಲಿ ಮಾತ್ರ ಬಂಗುಡೆಯೂ ಸಾಲದು. ಅಲ್ಲಿ ನೇರ ಮನುಷ್ಯನ ಮರ್ಯಾದೆಗೇ ಕೈಹಾಕಬೇಕು.

ಹೋದ ವರ್ಷ ಕಿವಿ ಪೂರ್ತಿ ಮಂದವಾಗಿದ್ದ ಅಜ್ಜನೊಬ್ಬನನ್ನು ದಾಟಿಸಬೇಕಾಗಿ ಬಂತು. ಕಟ್ಟಳೆ ಕಟ್ಟಳೆಯೇ ಆದ್ದರಿಂದ ಅವನಿಗೂ ಕಿರುಚಿ ಕಿರುಚಿ ಮಾತಾಡಿದೆ. ಕೊನೆಯ ತಿರುವಿನಲ್ಲಿ ಆತ ನಿಂತು, “ಅದು ಎಂತ ಹಕ್ಕಿ ಮಾರಾಯ?” ಎಂದು ಕೇಳಿದ. ಕಿವುಡನಿಗೆ ಕೇಳಿಸಿದ ಹಕ್ಕಿ ನನಗೆ ಕೇಳಿಸಿರಲಿಲ್ಲ. ಅಂದು ಮನೆಗೆ ಬಂದು ಲೆಕ್ಕ ಹಾಕಿದೆ. ಚಿಕ್ಕಪ್ಪನನ್ನು ನಾನು ನಾಲ್ಕು ಸಾವಿರಕ್ಕಿಂತ ಹೆಚ್ಚು ಸಲ ದಾಟಿದ್ದೆ, ಅಷ್ಟೂ ಸಲ ಕೇಳಿಸಿಕೊಂಡದ್ದು ನನ್ನನ್ನೇ. ಐವತ್ತೊಂದು ವರ್ಷದವನಿಗೆ ಇದರಿಂದ ಇಷ್ಟು ಸಂಕಟವಾಗಬಾರದಿತ್ತು. ಆಯಿತು.

ಪಂಚಾಯಿತಿಯ ಕಟ್ಟಳೆ ಪುಸ್ತಕದಲ್ಲಿ ‘ಒಂಟಿ ಸವಾರಿ’ ಎಂಬ ಒಂದು ಕಲಮು ಇದೆ. ದ್ವೀಪದ ಯಾರೇ ಆಗಲಿ ಜೀವಮಾನದಲ್ಲಿ ಒಂದು ಸಲ, ಶನಿವಾರ ಹೊರಟು, ಒಂದು ರಾತ್ರಿ ಹೊರಗೆ ಮಲಗಿ, ಭಾನುವಾರ ದ್ವೀಪ ಸುತ್ತಿ ಬರಬಹುದು. ಗುಡ್ಡಗಳ ಮೇಲೆ ಯಾರೊಡನೆಯೂ ಒಂದು ಮಾತಾಡಿದರೂ ಸವಾರಿ ರದ್ದು, ಎರಡನೆಯ ಅವಕಾಶ ಇಲ್ಲ. ಹಿರಿಯರು ಇದನ್ನು ಯಾಕೆ ಬರೆದಿಟ್ಟರೋ ಗೊತ್ತಿಲ್ಲ, ಬಳಸಿದವರಂತೂ ಇರಲಿಲ್ಲ. ನಾನು ಅರ್ಜಿ ಹಾಕಿದೆ. ಪಂಚಾಯಿತಿಯವರು ಕಿಟಕಿಯಿಲ್ಲದ ಕೋಣೆಯಲ್ಲಿ ಸಭೆ ಸೇರಿದರು. ಅಧ್ಯಕ್ಷರು ಮೋನಪ್ಪ. ತೂಕದ ಮನುಷ್ಯ, ಕುರ್ಚಿಯ ದೃಷ್ಟಿಯಿಂದ ನೋಡಿದರೂ.

“ಒಬ್ಬನೇ ಅಂದ್ರೆ? ಯಾರೂ ಇಲ್ಲದೆಯಾ?” ಎಂದು ಕೇಳಿದರು. ಹೌದು ಎಂದೆ. “ಮನೇಲಿ ಎಂತಾದ್ರೂ ಜಗಳ ಆಯ್ತಾ?” ಇಲ್ಲ ಎಂದೆ. “ಹೊಟ್ಟೆನೋವು?” ಅದೂ ಇಲ್ಲ ಎಂದೆ. “ಮತ್ತೆ ಎಂತಕ್ಕೆ ಮಾರಾಯ?” “ಸುಮ್ನೆ ಇರ್ಲಿಕ್ಕೆ.” ಸಭೆ ಇದನ್ನು ಸ್ವಲ್ಪ ಹೊತ್ತು ಅಗಿಯಿತು. “ಸುಮ್ನೆ ಇರ್ಲಿಕ್ಕೆ ಅಷ್ಟು ದೂರ ಯಾಕೆ,” ಎಂದರು ಮೋನಪ್ಪ, “ಇಲ್ಲೇ ಒಂದು ಗಳಿಗೆ ಇದ್ದು ತೋರಿಸು ನೋಡುವ.” ನಾನು ಇಪ್ಪತ್ತೆರಡು ವರ್ಷದಲ್ಲಿ ಅವರನ್ನು ಎಷ್ಟು ಸಲ ದಾಟಿಸಿದ್ದೇನೆ ಎಂದು ವಿವರಿಸಲು ಹೊರಟೆ. ಎಲ್ಲರೂ ನಕ್ಕರು.

ನಗದೆ ಇದ್ದವರು ಇಬ್ಬರು. ಒಬ್ಬ ಸದಸ್ಯ ಲಿಗೋರಿ, ದ್ವೀಪದ ಏಕೈಕ ಬಸ್ಸಿನ ಡ್ರೈವರು. “ಅಚ್ಯುತಣ್ಣ, ನೀವು ಒಳ್ಳೆಯವರೇ,” ಎಂದ. “ಆದ್ರೆ ನಾನು ಚಿಕ್ಕಪ್ಪನ ಕೊನೆ ತಿರುವು ಹತ್ತುದು ಫಸ್ಟ್ ಗೇರಲ್ಲಿ. ಅದರ ಕೆಳಗೆ ಇನ್ನೊಂದು ಗೇರು ಕೊಟ್ಟಿಲ್ಲ ಬಸ್ಸು ಮಾಡಿದವರು.” ಇನ್ನೊಬ್ಬಳು ಗುಲಾಬಿ, ಪ್ರತಿ ಸೋಮವಾರ ಕೊನೆಯ ತಿರುವಿನಲ್ಲಿ ಕೋಲಿಟ್ಟು ಚಿಕ್ಕಪ್ಪನ ಎತ್ತರ ಅಳೆಯುವವಳು. ಅವಳ ಮನೆ ಆಚೆಕಡೆ. ಅವಳ ಅಮ್ಮ ವಾರಕ್ಕೆ ಎರಡು ಸಲ ಅದೇ ಬಸ್ಸಿನಲ್ಲಿ ಪೇಟೆಯ ಆಸ್ಪತ್ರೆಗೆ ಬರಬೇಕು. “ಇನ್ನು ಒಂದು ಬೆರಳು ಏರ್ಲಿಕ್ಕೆ ಜಾಗ ಉಂಟು,” ಎಂದಳು. “ಎರಡನೇ ಬೆರಳಿಗೆ ಬಸ್ಸು ಹತ್ತುದಿಲ್ಲ. ಆಚೆಕಡೆ ನಲ್ವತ್ತಮೂರು ಮನೆ ಉಂಟು ಅಚ್ಯುತಣ್ಣ. ನೀವು ಒಮ್ಮೆ ಉಸ್ಸಪ್ಪ ಅಂದ್ರೆ ಮುಗೀತು.” “ಅನ್ನುದಿಲ್ಲ,” ಎಂದೆ. “ಎಲ್ಲರೂ ಹಾಗೇ ಹೇಳುದು,” ಎಂದಳು.

ಕಲಮು ಕಲಮೇ ಆದ್ದರಿಂದ ಪರವಾಗಿ ಐದು, ವಿರುದ್ಧ ನಾಲ್ಕು ಮತ ಬಿದ್ದು ಒಪ್ಪಿಗೆ ಸಿಕ್ಕಿತು. ಗುಡ್ಡ ಬೆಳೆದರೆ ನನ್ನ ಬಿಲ್ಲೆ ವಾಪಸು. ಜೊತೆಗೆ ಪುಸ್ತಕ ಒಯ್ಯುವಂತಿಲ್ಲ, ಪುಸ್ತಕವೂ ಒಂದು ಬಗೆಯ ಜೊತೆಗಾರನೇ ಎಂದು ಮೋನಪ್ಪ ಆಕ್ಷೇಪಿಸಿದರು. ಅವರು ಪುಸ್ತಕದ ಬಗ್ಗೆ ಇಷ್ಟು ಒಳ್ಳೆಯ ಮಾತಾಡಿದ್ದನ್ನು ನಾನು ಮೊದಲ ಸಲ ಕೇಳಿದೆ.

ಹಾಗಾಗಿ ಶನಿವಾರ ಬೆಳಿಗ್ಗೆ ಸೈಕಲ್ಲಿಗೆ ಒಂದು ಟಾರ್ಪಾಲು, ನಾಲ್ಕು ಗೂಟ, ಗಂಜಿ ಅಕ್ಕಿ, ಉಪ್ಪಿನಕಾಯಿ ಭರಣಿ, ಕಂಬಳಿ ಮತ್ತು ಆ ಲೋಟ ಕಟ್ಟಿಕೊಂಡು ಹೊರಟೆ. ನನ್ನ ಹೆಂಡತಿ ಜಲಜಾಕ್ಷಿ ಚೈನಿಗೆ ತಾನೇ ಎಣ್ಣೆ ಬಿಟ್ಟಳು. “ಹೆದರಿಕೆ ಆಗ್ತದಾ?” ಎಂದು ಕೇಳಿದೆ. “ನನಗೆ ಎಂತಕ್ಕೆ ಹೆದರಿಕೆ? ಮದುವೆಯಾದ ಮೇಲೆ ಈ ಮನೇಲಿ ಮಾತಾಡ್ಲಿಕ್ಕೆ ನಂಗೆ ಜಾಗ ಸಿಕ್ಕಿದ್ದಾ? ಎರಡು ದಿನ ಸಿಗ್ತದೆ. ಹೋಗಿ ಬನ್ನಿ.” ಚೈನಿಗೆ ಇನ್ನೊಂದು ತೊಟ್ಟು ಬಿಟ್ಟು, “ಬಾಯಿ ಬಂದ್ ಮಾಡಿ ಉಸಿರು ಬಿಡಿ. ಮೂಗು ಅದಕ್ಕೇ ಇರುದು,” ಎಂದಳು.

ಅಜ್ಜಿ ನಮ್ಮ ಬೀದಿಯ ತುದಿಯಲ್ಲೇ ಇದ್ದಾರೆ. ಅವರು ಗುಡ್ಡ ಎಂದು ಒಪ್ಪಿಸಲು ಸ್ವಲ್ಪ ವಾದ ಮಾಡಬೇಕು. ಪೆಡಲು ತುಳಿದೇ ದಾಟಿದೆ. ಭಾವನ ಮೇಲೆ ಇಳಿದು ತಳ್ಳಬೇಕಾಯಿತು. ಅಲ್ಲಿ ನನಗೆ ತಿಳಿದದ್ದೇನೆಂದರೆ, ನನ್ನ ಕಾಲಿಗಿಂತ ಮೊದಲು ನನ್ನ ಬಾಯಿ ಹೊರಡುತ್ತದೆ. ಮೊದಲ ತಿರುವು ಬಂದ ಕೂಡಲೇ ನಾಲಗೆಯ ತುದಿಗೆ ಒಂದು ವಿಷಯ ಬಂದು ಕೂತಿತು, ಎರಡನೆಯದಕ್ಕೆ ಎರಡನೆಯದು. ಕೇಳುವವರಿಲ್ಲದ್ದನ್ನು ನೋಡಿ ಅವು ಇಳಿದುಹೋಗಲಿಲ್ಲ, ಬಸ್ಸು ತಪ್ಪಿದವರ ಹಾಗೆ ಅಲ್ಲೇ ನಿಂತವು. ಹುರಿಗಡಲೆ ಹಾಕಿಕೊಂಡು ಬಾಯಿಗೆ ಕೆಲಸ ಕೊಟ್ಟೆ. ಭಾವನ ಆಚೆ ಇಳಿಜಾರು ಉದ್ದ. ಬ್ರೇಕು ಕಿರುಗುಟ್ಟಿಕೊಂಡು, ಅಂಗಿಯೊಳಗೆ ಗಾಳಿ ತುಂಬಿಕೊಂಡು ಇಳಿಯುವಾಗ ‘ಹೋ’ ಎಂದು ಕೂಗಬೇಕೆನಿಸಿತು. ‘ಹೋ’ ಎನ್ನುವುದು ಹೊಗಳಿಕೆಯೇ ಎಂದು ಯೋಚಿಸುವಷ್ಟರಲ್ಲಿ ಇಳಿಜಾರು ಮುಗಿಯಿತು. ದೊಡ್ಡಮ್ಮನನ್ನು ಮಧ್ಯಾಹ್ನದ ಬಿಸಿಲಲ್ಲಿ ದಾಟಿದೆ. ಕವಿಯ ಕಾಲದಿಂದ ಅಲ್ಲಿ ಯಾರೂ ನಿಂತು ಸಮುದ್ರ ನೋಡುವುದಿಲ್ಲ. ನಾನೂ ನೋಡಲಿಲ್ಲ. ಎಡಗಣ್ಣಿಗೆ ಸ್ವಲ್ಪ ಕಂಡಿತು.

ಚಿಕ್ಕಪ್ಪನ ಆಚೆಕಡೆಯ ಬುಡದಲ್ಲಿ ಐಸಮ್ಮನ ಚಹಾದಂಗಡಿ. ಅದು ಸಮತಟ್ಟು ಜಾಗ, ಅಲ್ಲಿ ಮಾತಾಡಬಹುದಿತ್ತು. “ಎರಡು ಚಾಯಾ?” ಎಂದು ಕೇಳಿದಳು. “ಒಂದು.” “ಅವರು ಹಿಂದೆ ಬರ್ತಾ ಇದ್ದಾರಾ?” “ಯಾರೂ ಇಲ್ಲ ಐಸಮ್ಮ.” ಅವಳು ಎರಡು ಲೋಟ ಇಟ್ಟು, ಎರಡಕ್ಕೂ ಹೊಯ್ದು, ಒಂದನ್ನು ತಾನು ತೆಗೆದುಕೊಂಡು ಎದುರಿಗೆ ಕೂತಳು. “ಕುಡೀರಿ. ಒಬ್ರೇ ಕುಡಿಯುದನ್ನು ನೋಡಿದ್ರೆ ನಂಗೆ ಎಂತದೋ ಆಗ್ತದೆ, ಸತ್ತ ಮನೆ ಹಾಗೆ.” ಕುಡಿದೆವು. “ನಿಮ್ಮಿಂದ ನಂಗೆ ವ್ಯಾಪಾರ ಅರ್ಧ ನಷ್ಟ, ಆದ್ರೂ ಪರವಾಗಿಲ್ಲ,” ಎಂದಳು, “ನಾಳೆ ಬೆಳಿಗ್ಗೆ ಐದಕ್ಕೇ ಹನ್ನೊಂದು ಪ್ಲೇಟು ಅಕ್ಕಿ ಪುಂಡಿ ಹೇಳಿದ್ದಾರೆ.” ಯಾರು ಎಂದು ಕೇಳಿದೆ. “ಹೇಳ್ಬಾರ್ದಂತೆ,” ಎಂದು ಲೋಟ ತೊಳೆಯಲು ಎದ್ದುಹೋದಳು. ನನ್ನ ತಲೆ ಆ ಹೊತ್ತಿಗೆ ಮುಂದಿನ ತಿರುವಿನಲ್ಲಿತ್ತು.

ಮೂರನೆಯ ತಿರುವಿನ ಮೇಲೆ ಒಂದು ಗೇರುಮರದ ಪಕ್ಕ ಚಾಪೆ ಹಾಸುವಷ್ಟು ಸಪಾಟು ಜಾಗವಿದೆ. ಐದು ಗಂಟೆಗೆ ಅಲ್ಲಿ ಬಿಡಾರ ಹೂಡಿದೆ. ಮೂರನೆಯ ಗೂಟ ಬಡಿಯುವಾಗ ಕಲ್ಲು ಜಾರಿ ಹೆಬ್ಬೆರಳ ಮೇಲೆ ಬಿತ್ತು. ಹೆಬ್ಬೆರಳಿಗಾಗಿ ಬೈದರೆ ಅದು ಹೆಬ್ಬೆರಳಿಗೆ ಮಾತ್ರ ಸಲ್ಲುವುದೇ, ಅಥವಾ ಕಲ್ಲು ಗುಡ್ಡದ್ದಾದ್ದರಿಂದ ಗುಡ್ಡಕ್ಕೂ ಸಲ್ಲುವುದೇ ಎಂಬುದಕ್ಕೆ ಕಟ್ಟಳೆಯಲ್ಲಿ ಉತ್ತರವಿಲ್ಲ. ಹೆಗಲ ಬೈರಾಸು ಕಚ್ಚಿಕೊಂಡು ನಾಲ್ಕು ಸುತ್ತು ಕುಣಿದೆ. ನಲವತ್ತಮೂರು ಮನೆಗಳನ್ನು ಒಂದೊಂದಾಗಿ ನೆನೆದೆ, ಹದಿನೇಳನೆಯ ಮನೆಗೆ ಬರುವಾಗ ನೋವು ಕಡಿಮೆಯಾಯಿತು. ಸೂರ್ಯ ಮುಳುಗುವ ಹೊತ್ತಿಗೆ ಅವನಿಗೆ ಬೆನ್ನು ಹಾಕಿ ಗಂಜಿ ಬೇಯಿಸಿದೆ. ಬೆನ್ನಿಗೆ ಬೆಚ್ಚಗಾಗಿ, ಎದುರಿನ ಗೇರುಮರ ಪೂರಾ ಕೆಂಪಾಗಿ, ಗಂಜಿಯ ತಿಳಿಯೂ ಕೆಂಪಾಯಿತು. ಒಳ್ಳೆಯ ಗಂಜಿ ಎಂದಷ್ಟೇ ಮನಸ್ಸಿನಲ್ಲಿ ಅಂದುಕೊಂಡೆ. ಆಮೇಲೆ ಮಲಗಿದೆ. ಗೊರಕೆಯ ಬಗ್ಗೆಯೂ ಕಟ್ಟಳೆಯಲ್ಲಿ ಏನೂ ಇಲ್ಲ.

ಎಚ್ಚರವಾದಾಗ ಬೆಳಕು ಹರಿದಿತ್ತು. ಅಭ್ಯಾಸದಂತೆ ಬಾಯಿ ಒಂದು ವಿಷಯ ಹುಡುಕಿತು. ಹಳೆಯ ತೀರ್ಪು ಒಂದು ಅರ್ಧ ಬಂದು ನಿಂತಿತು. ಜೇನುಹುಳ ಬಂತು, ಹೋಯಿತು. ಕೊನೆಗೆ ಬಂಗುಡೆಯೂ ಬಂದು, ಹುಣಸೆಯೋ ಬಿಂಬುಳಿಯೋ ಎಂದು ಕೇಳಿ, ಉತ್ತರ ಸಿಗದೆ ಹಿಂದಿರುಗಿತು. ಅದಾದ ಮೇಲೆ ಯಾವುದೂ ಬರಲಿಲ್ಲ. ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಸಲ ನನ್ನ ನಾಲಗೆ ಬಾಯಲ್ಲಿ ಸುಮ್ಮನೆ ಮಲಗಿತ್ತು. ಆಗ ಕೇಳಿಸಿತು. ರಸ್ತೆಯ ಅಡಿಯಲ್ಲಿ ಎಲ್ಲೋ ನೀರು ಹರಿಯುತ್ತಿತ್ತು. ನಾಲ್ಕು ಸಾವಿರ ಸಲ ಅದರ ಮೇಲೆ ನಡೆದಿದ್ದೆ. ತಿರುವಿನ ತಗಡಿನ ಬೋರ್ಡು ಬಿಸಿಲು ತಾಗಿದಾಗ ಟಿಕ್ ಎಂದಿತು. ಗೇರುಮರದ ಒಂದು ತರಗೆಲೆ ಬಿದ್ದು, ತಾನು ಬಿದ್ದ ಕಡೆಯೇ ಒಮ್ಮೆ ಮಗ್ಗುಲು ಬದಲಿಸಿತು. ಆಮೇಲೆ ಆ ಹಕ್ಕಿ, ಕಿವುಡಜ್ಜನದ್ದು. ಎರಡು ಸ್ವರ ಕೂಗಿ, ಯಾರೋ ಉತ್ತರ ಕೊಡುತ್ತಾರೆಂದು ಕಾಯುವ ಹಾಗೆ ಉದ್ದಕ್ಕೆ ಬಿಟ್ಟು, ಮತ್ತೆ ಎರಡು ಸ್ವರ. ಯಾವ ಹಕ್ಕಿ ಎಂದು ತಿಳಿಯಲಿಲ್ಲ, ತಿಳಿಯಬೇಕೆಂದೂ ಅನ್ನಿಸಲಿಲ್ಲ. ಮುಕ್ಕಾಲು ಗಂಟೆಯಷ್ಟು ಹಾಗೆಯೇ ಕೂತಿದ್ದೆ. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಕಿಟಕಿ ಹಾಕಿದ್ದರೂ ಹೊಗಳಿಕೆಯಾದೀತು.

ಟಾರ್ಪಾಲು ಮಡಚಿ ಸೈಕಲ್ಲು ತಳ್ಳಿಕೊಂಡು ಹೊರಟೆ. ಇನ್ನು ಕೊನೆಯ ತಿರುವು, ಆಮೇಲೆ ನೆತ್ತಿ, ಆಮೇಲೆ ಪೇಟೆಯವರೆಗೆ ಇಳಿಜಾರು. ಕೊನೆಯ ತಿರುವಿನ ಅರ್ಧದಲ್ಲಿ ಯಾರೋ ಉಸಿರಾಡುವುದು ಕೇಳಿಸಿತು. ಮೊದಲು ಚಿಕ್ಕಪ್ಪನೇ ಎಂದುಕೊಂಡೆ. ಅಷ್ಟು ದೊಡ್ಡ ಉಸಿರು ಅದು. ಆದರೆ ಉಸಿರಿನ ಮೇಲೆ ಮನುಷ್ಯರ ಗುರುತು ಹಿಡಿಯುವುದು ನಮ್ಮ ಕಸುಬು. ಈ ತಿದಿ ಒತ್ತಿದ ಹಾಗಿನ ಉಸಿರು ಮೋನಪ್ಪನವರದ್ದು. ಅದರ ಪಕ್ಕದ ಸಿಳ್ಳಿನಂಥದ್ದು ಲಿಗೋರಿಯದ್ದು, ಹತ್ತು ವರ್ಷದಿಂದ ಅವನು ಈ ದಾರಿಯನ್ನು ಕೂತೇ ಹತ್ತಿದವನು. ಇನ್ನೊಂದರ ಹಿಂದೆ ಬಳೆಯ ಸದ್ದಿತ್ತು. ಆ ಬಳೆ ನಾನೇ ತಂದದ್ದು.

ತಿರುಗಿ ನೋಡಿದೆ. ಹನ್ನೊಂದು ಜನ. ಪೊದೆಗಳ ಹಿಂದಿನಿಂದ ಅರ್ಧರ್ಧ ಕಾಣುತ್ತಿದ್ದರು. ಪೂರ್ತಿ ಪಂಚಾಯಿತಿ, ಜೊತೆಗೆ ಜಲಜಾಕ್ಷಿ ಮತ್ತು ಕೋಲು ಹಿಡಿದ ಗುಲಾಬಿ. ನಾನು ಒಬ್ಬನೇ ಗೊಣಗದಂತೆ ನೋಡಿಕೊಳ್ಳಲು ಶನಿವಾರವೇ ಆಚೆಕಡೆಗೆ ಬಂದು ಮಲಗಿ, ಬೆಳಿಗ್ಗೆ ಐದಕ್ಕೆ ಪುಂಡಿ ತಿಂದು ಹಿಂದೆ ಬಂದಿದ್ದರು. ನನಗೆ ತಿಳಿಯದಿರಲಿ ಎಂದು, ಒಬ್ಬರೂ ಮಾತಾಡಬಾರದೆಂದು ಒಪ್ಪಂದ ಮಾಡಿಕೊಂಡಿದ್ದರು. ಹನ್ನೊಂದು ಜನರಿದ್ದಾರೆ ಎಂದ ಮೇಲೆ ಜೊತೆಗಾರ ಯಾಕೆ ಎಂದು ಹನ್ನೊಂದು ಜನರಿಗೂ ಅನ್ನಿಸಿತ್ತು. ಹಾಗೆ, ನಮ್ಮ ದ್ವೀಪದ ಇಡೀ ಆಡಳಿತ ಒಂದು ಮಾತೂ ಇಲ್ಲದೆ ಚಿಕ್ಕಪ್ಪನ ಕೊನೆಯ ತಿರುವಿಗೆ ಬಂದು ನಿಂತಿತ್ತು, ಹೊಟ್ಟೆ ತುಂಬ ಪುಂಡಿ ಹೊತ್ತುಕೊಂಡು.

ಗುಡ್ಡದ ಮೇಲೆ ಬಾಯಿ ತಪ್ಪುವವರಲ್ಲಿ ನಾಲ್ಕು ಲಕ್ಷಣಗಳಿವೆ. ಮೊದಲು ಕೈ ಸೊಂಟಕ್ಕೆ ಹೋಗುತ್ತದೆ. ಆಮೇಲೆ ಕಣ್ಣು ಮೇಲಕ್ಕೆ ಹೋಗುತ್ತದೆ. ಮೂರನೆಯದಾಗಿ ತುಟಿ ತೆರೆಯುತ್ತದೆ. ನಾಲ್ಕನೆಯದು ಮಾತು. ಮೋನಪ್ಪ ಮೂರನೆಯದರಲ್ಲಿದ್ದರು. ಅವರ ಹಿಂದೆ ಗುಲಾಬಿ ಅವರ ಬಾಯಿಯನ್ನೇ ನೋಡುತ್ತಾ ಕೈ ಎತ್ತಿದ್ದಳು. ನಾಲ್ಕು ಮೊಳ ದೂರವಿತ್ತು, ತಲುಪುತ್ತಿರಲಿಲ್ಲ.

ನಾನು ಸುಮ್ಮನಿದ್ದರೆ ತಪ್ಪು ಅವರದ್ದು. ನನ್ನ ಬಿಲ್ಲೆಗೆ ಧಕ್ಕೆಯಿಲ್ಲ, ನನ್ನ ಸವಾರಿ ಊರ್ಜಿತ. ಇನ್ನೊಂದು ಅರ್ಧ ತಿರುವು, ಅಷ್ಟೇ. ಮೋನಪ್ಪನವರ ಮಾತು ಎಂದೂ ಎರಡು ಬೆರಳಿಗಿಂತ ಕಡಿಮೆಯದ್ದಲ್ಲ. ನಾನು ಸುಮ್ಮನಿರಲು ಬಯಸಿದ್ದೆ, ತುಂಬಾ ಬಯಸಿದ್ದೆ. ಹಕ್ಕಿ ಮೊದಲ ಸ್ವರ ಹಾಕಿತ್ತು. ಎರಡನೆಯದನ್ನು ನಾನು ಕೇಳಿಸಿಕೊಳ್ಳಲಿಲ್ಲ.

“ಅಧ್ಯಕ್ಷರೇ,” ಎಂದೆ, “ಹೋದ ವರ್ಷ ಶಾಲೆಯ ಕಾರ್ಯಕ್ರಮದಲ್ಲಿ ಪಾಯಸಕ್ಕೆ ಉಪ್ಪು ಹಾಕಿದ್ದು ನಿಮ್ಮನೆಯವರು ಅಂತ ಜನ ಹೇಳ್ತಾರೆ, ಹೌದಾ?”

ಮೋನಪ್ಪನವರ ತುಟಿ ಸಪಾಟಾಯಿತು. “ಯಾವ ಜನ?” ಎಂದರು. “ಯಾವ ಜನ ಅದು? ನಮ್ಮನೆಯವಳು ಅವತ್ತು ಪಾಯಸದ ಹತ್ರವೇ ಹೋಗ್ಲಿಲ್ಲ. ಕೋಸಂಬರಿ ಹತ್ರ ಇದ್ದದ್ದು.” “ಕೋಸಂಬರಿ ಹತ್ರ ನಾನಿದ್ದದ್ದು,” ಎಂದಳು ಜಲಜಾಕ್ಷಿ, “ಅಲ್ಲಿ ಅವರು ಇರ್ಲಿಲ್ಲ.” “ಮತ್ತೆ ಉಪ್ಪಿನ ಡಬ್ಬ ಯಾರ ಕೈಲಿತ್ತು?” ಎಂದ ಲಿಗೋರಿ ಒಂದು ಹೆಜ್ಜೆ ಮೇಲೆ ಇಡುತ್ತಾ. “ನನ್ನನ್ನು ನೋಡ್ಬೇಡಿ,” ಎಂದಳು ಗುಲಾಬಿ ಎರಡು ಹೆಜ್ಜೆ ಮೇಲೆ ಹೋಗಿ, “ನಾನು ಡಬ್ಬ ಕೊಟ್ಟದ್ದು ಹೌದು, ಆದ್ರೆ ಅದರ ಮೇಲೆ ಸಕ್ಕರೆ ಅಂತ ಬರ್ದದ್ದು ಯಾರು?” “ಬರ್ದದ್ದು ಪಂಚಾಯ್ತಿ,” ಎಂದೆ. ಇದರೊಡನೆ ಎಲ್ಲರೂ ಒಟ್ಟಿಗೆ ಮಾತಾಡಲು ಶುರುಮಾಡಿದರು. ಮೋನಪ್ಪ ಯಾವುದೋ ಸದಸ್ಯನ ಮೇಲೆ ಬೆರಳು ತೋರಿಸಲು ಹತ್ತು ಮಾರು ಓಡಿಯೇ ಹತ್ತಿದರು. ಅವರು ಓಡಿದ್ದನ್ನು ನೋಡಿದವರು ಪೇಟೆಯಲ್ಲಿ ಇನ್ನೂ ಬದುಕಿರುವವರ ಪೈಕಿ ನಾವು ಹನ್ನೊಂದು ಜನ ಮಾತ್ರ. ನಾನು ಸೈಕಲ್ಲು ತಳ್ಳಿಕೊಂಡು ನಡುವೆ ನಡೆಯುತ್ತಾ, ಜಗಳ ತಗ್ಗಿದ ಕಡೆ ಒಂದು ಮಾತು ಒಟ್ಟಿದೆ. ಅದು ನನಗೆ ಬರುವ ಕೆಲಸ. ನೆತ್ತಿ ದಾಟಿದ್ದು ಒಬ್ಬರಿಗೂ ಗೊತ್ತಾಗಲಿಲ್ಲ. ಇಳಿಜಾರಿನ ಅರ್ಧಕ್ಕೆ ಬರುವಾಗ ಉಪ್ಪು ಹಾಕಿದ್ದು ಅಡುಗೆ ಭಟ್ಟರೇ ಎಂದು ಒಮ್ಮತಕ್ಕೆ ಬಂದಿದ್ದರು. ಭಟ್ಟರು ಅಲ್ಲಿರಲಿಲ್ಲವಾದ್ದರಿಂದ ಅದು ಎಲ್ಲರಿಗೂ ಅನುಕೂಲವಾಗಿತ್ತು.

ಬುಡಕ್ಕೆ ಬಂದು ಸಮತಟ್ಟು ಮುಟ್ಟಿದ ಮೇಲೆ ಮೋನಪ್ಪ ನಿಂತರು. ಬೆವರು ಒರೆಸಿಕೊಂಡು ನನ್ನನ್ನು ನೋಡಿದರು. ಅವರ ಮುಖದಲ್ಲಿ ವಿಷಯ ಒಂದೊಂದೇ ಮೆಟ್ಟಿಲು ಇಳಿದು ಬರುವುದು ಕಾಣುತ್ತಿತ್ತು. “ಅಚ್ಯುತ,” ಎಂದರು, “ನೀನು ಮಾತಾಡಿದಿ.” “ಹೌದು.” “ಮೇಲೆ.” “ಹೌದು.” “ನಾನು ಎಂತಾದ್ರೂ ಹೇಳ್ತಿದ್ದೆನಾ?” ಉತ್ತರ ಗುಲಾಬಿ ಕೊಟ್ಟಳು. “ಹೇಳ್ತಿದ್ರಿ,” ಎಂದಳು. ಕಟ್ಟಳೆ ತಿದ್ದಬಹುದೇ ಎಂದು ಲಿಗೋರಿ ಕೇಳಿದ. ಒಂದು ಕಲಮು ತಿದ್ದಿದರೆ ಎಲ್ಲರೂ ಎಲ್ಲವನ್ನೂ ತಿದ್ದುತ್ತಾರೆ ಎಂದು ಮೋನಪ್ಪ ಮೆಲ್ಲಗೆ ಹೇಳಿದರು. ಅದು ನಿಜ. ನಾನೂ ಹಾಗೇ ಹೇಳುತ್ತಿದ್ದೆ.

ಜಲಜಾಕ್ಷಿ ಸೈಕಲ್ಲಿನ ಹ್ಯಾಂಡಲಿಗೆ ಕೈಹಾಕಿ ನನ್ನ ಪಕ್ಕ ನಡೆದಳು. ಸ್ವಲ್ಪ ದೂರ ಬಂದ ಮೇಲೆ, “ನಾನು ಜೊತೆಗೆ ಬಂದದ್ದಲ್ಲ, ಹಿಂದೆ ಬಂದದ್ದು,” ಎಂದಳು. ಗೊತ್ತು ಎಂದೆ. “ಬೆಳಿಗ್ಗೆ ನೀವು ಗೇರುಮರದ ಹತ್ರ ಕೂತದ್ದು ಕೆಳಗಿಂದ ಕಾಣ್ತಿತ್ತು. ಅಷ್ಟು ಹೊತ್ತು ಎಂತ ಮಾಡ್ತಿದ್ರಿ?” “ಎಂತದೂ ಇಲ್ಲ.” ಅವಳು ನನ್ನನ್ನು ಒಮ್ಮೆ ನೋಡಿ, ಮನೆ ಬರುವವರೆಗೆ ಏನೂ ಕೇಳಲಿಲ್ಲ. ನಾನೂ ಏನೂ ಹೇಳಲಿಲ್ಲ. ದಾರಿಯಲ್ಲಿ ಸಿಕ್ಕವರು ನಮ್ಮಿಬ್ಬರಿಗೆ ಜಗಳವಾಗಿದೆ ಎಂದುಕೊಂಡರು.

ಸೋಮವಾರ ಬೆಳಿಗ್ಗೆ ಗುಲಾಬಿ ಕೊನೆಯ ತಿರುವಿನಲ್ಲಿ ಮೂರು ಸಲ ಅಳೆದಳು. ಚಿಕ್ಕಪ್ಪ ಇದ್ದಷ್ಟೇ ಇದ್ದರು. ಬಸ್ಸು ಏಳೂ ಹತ್ತಕ್ಕೆ ಹತ್ತಿ ಏಳೂ ಮೂವತ್ತೈದಕ್ಕೆ ಆಚೆಕಡೆ ಇಳಿಯಿತು. ಮರಳುವಾಗ ಗುಲಾಬಿಯ ಅಮ್ಮ ಮುಂದಿನ ಸೀಟಿನಲ್ಲಿ ಕೂತು ಆಸ್ಪತ್ರೆಗೆ ಬಂದರು. ಸಂಜೆ ಪಂಚಾಯಿತಿಯವರು ಪುಸ್ತಕದಲ್ಲಿ ಹೀಗೆ ಬರೆದರು: ಅಚ್ಯುತ, ಬಿಲ್ಲೆ ನಂಬರು ಹತ್ತೊಂಬತ್ತು, ಭಾನುವಾರ ಹನ್ನೊಂದು ಜನರನ್ನು ಚಿಕ್ಕಪ್ಪನ ಮೇಲಿಂದ ದಾಟಿಸಿದ್ದಾನೆ. ಒಂಟಿ ಸವಾರಿ ನಡೆದಿಲ್ಲ. ಮತ್ತೆ ಅರ್ಜಿ ಹಾಕುವಂತಿಲ್ಲ. ಕೆಳಗೆ ನನ್ನ ಸಹಿ ಬೇಕಿತ್ತು. ಹಾಕಿದೆ.